ಏಳು ದಿನದ ಇಂಜೆಕ್ಷನ್, ಅರವತ್ತು ಕಿಲೋಮೀಟರ್: ವಯಸ್ಸಾದವರ ರಕ್ತ ಕ್ಯಾನ್ಸರ್ ಸಂಶೋಧನೆ ಯಾರಿಗಾಗಿ?

ಡಾಕ್ಟರು ಹೇಳಿದ್ದು ಸರಳವಾಗಿಯೇ ಇತ್ತು. ತಿಂಗಳಿಗೊಂದು ಸುತ್ತು, ಪ್ರತಿ ಸುತ್ತಿನಲ್ಲಿ ಸತತ ಏಳು ದಿನ ಇಂಜೆಕ್ಷನ್, ಜೊತೆಗೆ ದಿನಾ ಮಾತ್ರೆ. “ಈ ವಯಸ್ಸಿಗೆ ಜೋರು ಕಿಮೋ ಬೇಡ, ಇದು ಮೆದು. ಅಡ್ಮಿಟ್ ಆಗೋದೂ ಬೇಕಿಲ್ಲ, ದಿನಾ ಬಂದು ಹೋದ್ರೆ ಸಾಕು” ಅಂದರು.

ನಮ್ಮ ದೊಡ್ಡವ್ವ ಇರೋದು ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಊರಿಂದ ಆಟೋದಲ್ಲಿ ಚನ್ನಪಟ್ಟಣ, ಅಲ್ಲಿಂದ ಬಸ್ಸಲ್ಲಿ ಬೆಂಗಳೂರಿನ ಸ್ಯಾಟಲೈಟ್ ಸ್ಟ್ಯಾಂಡು, ಅಲ್ಲಿಂದ ಇನ್ನೊಂದು ಆಟೋ. ಹೋಗೋಕೆ ಮೂರು ಗಂಟೆ, ಬರೋಕೆ ಮೂರು ಗಂಟೆ, ಕಾಯೋದು ಬೇರೆ. ಆ ವಾರ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆ ಸಾಕಿ ಗೊತ್ತಿಲ್ಲದವರಿಗೆ ಹೇಳಬೇಕು: ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ಅವು ತಿನ್ನೋ ಸೊಪ್ಪಿಗೆ ಲೆಕ್ಕವೇ ಇಲ್ಲ, ಮನೆಮಂದಿಯೆಲ್ಲ ಸೊಪ್ಪು ಕುಯ್ಯೋದು, ಹಾಕೋದು ಇದೇ ಕೆಲಸ. ದೊಡ್ಡವ್ವ ಡಾಕ್ಟರ ಎದುರಿಗೆ ಏನೂ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಇಷ್ಟು: “ಈ ವಾರ ಆಗಕ್ಕಿಲ್ಲ ಕಣಪ್ಪ. ಹುಳ ಚಂದ್ರಿಕೆಗೆ ಬುಟ್ಮೇಲೆ ಬರಮ.”

ಆಗ ಅವಳ ರಕ್ತದಲ್ಲಿ ಪ್ಲೇಟ್‌ಲೆಟ್ 30 ಸಾವಿರಕ್ಕೆ ಇಳಿದಿತ್ತು. ಕಾಯಿಲೆಯ ಹೆಸರು ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಎಎಂಎಲ್. ಅದಕ್ಕೂ ಮುಂಚೆ ನಾಲ್ಕು ತಿಂಗಳು ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ “ವಯಸ್ಸಾಯ್ತಲ್ಲಮ್ಮ, ರಕ್ತ ಕಮ್ಮಿ” ಅಂತ ಕಬ್ಬಿಣದ ಟಾನಿಕ್ ಕುಡಿಸಿದ್ದರು. ಒಂದು ಮಾಮೂಲಿ ರಕ್ತ ಪರೀಕ್ಷೆ, ಸ್ಲೈಡಿನಲ್ಲಿ ರಕ್ತದ ಒಂದು ಹನಿ ನೋಡಿದ್ದರೆ ಅನುಮಾನ ಬರುತ್ತಿತ್ತು. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ ಪರೀಕ್ಷೆ ಅದು.

ನಾನು ಇಂಜಿನಿಯರಿಂಗ್ ಓದಿ, ಎರಡು ವರ್ಷ ಕೋಡ್ ಬರೆದು, ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು. ಏನಾದರೂ ಅರ್ಥವಾಗದಿದ್ದರೆ ಅದರ ಮ್ಯಾನ್ಯುಯಲ್ ಓದೋದು ಹಳೇ ಚಾಳಿ. ಹಾಗಾಗಿ ಆ “ಏಳು ದಿನ” ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ.

ಮೊದಲು ಒಳ್ಳೆ ಸುದ್ದಿ. ಅದು ನಿಜಕ್ಕೂ ಒಳ್ಳೆ ಸುದ್ದಿಯೇ. ಎಎಂಎಲ್, ಮೈಲೋಮಾದಂಥ ರಕ್ತ ಕ್ಯಾನ್ಸರ್‌ಗಳು ಮುಖ್ಯವಾಗಿ ವಯಸ್ಸಾದವರ ಕಾಯಿಲೆಗಳು. ಅಮೆರಿಕದಲ್ಲಿ ಇವೆರಡೂ ಪತ್ತೆಯಾಗುವ ನಡುವಯಸ್ಸು 70ರ ಹತ್ತಿರ. ಬಹಳ ವರ್ಷ ಈ ವಯಸ್ಸಿನ ಎಎಂಎಲ್ ರೋಗಿಗಳಿಗೆ ಎರಡೇ ದಾರಿ ಇತ್ತು: ತಡೆದುಕೊಳ್ಳಲಾಗದ ಕಿಮೋ, ಇಲ್ಲವೇ ಮನೆಗೆ ಕಳಿಸೋದು. 2020ರ ಆಗಸ್ಟ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ವಿಯಾಲೆ-ಎ ಎಂಬ ಟ್ರಯಲ್ ಇದನ್ನು ಬದಲಿಸಿತು. 431 ರೋಗಿಗಳು, ನಡುವಯಸ್ಸು 76. ಒಂದು ಗುಂಪಿಗೆ ಅಜಾಸಿಟಿಡಿನ್ ಇಂಜೆಕ್ಷನ್ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ವೆನೆಟೋಕ್ಲಾಕ್ಸ್ ಮಾತ್ರೆ. ಬದುಕಿದ ಅವಧಿಯ ಮಧ್ಯಾಂಕ 9.6 ತಿಂಗಳಿಂದ 14.7 ತಿಂಗಳಿಗೆ ಏರಿತು. ಕಾಯಿಲೆ ಹಿಡಿತಕ್ಕೆ ಬಂದವರ ಪ್ರಮಾಣ ಶೇ. 28ರಿಂದ ಶೇ. 66ಕ್ಕೆ ಹೋಯಿತು. ಐದು ತಿಂಗಳಷ್ಟೇನಾ ಅಂತ ಮೂಗು ಮುರಿಯಬೇಡಿ. ಮೊಮ್ಮಗಳ ಮದುವೆ ಇರುವ ಮನೆಯಲ್ಲಿ ಐದು ತಿಂಗಳು ಅಂದ್ರೆ ಏನು ಅಂತ ಗೊತ್ತಿರುವವರಿಗೆ ಗೊತ್ತು.

ದೊಡ್ಡವ್ವನ ಚೀಟಿಯಲ್ಲಿ ಇದ್ದದ್ದು ಇದೇ ಜೋಡಿ. ಏಳು ದಿನವೂ ಅಲ್ಲಿಂದಲೇ ಬಂದದ್ದು: 28 ದಿನಕ್ಕೊಂದು ಸುತ್ತು, ಅದರಲ್ಲಿ 7 ದಿನ ಇಂಜೆಕ್ಷನ್. ಮೊದಲ ಸುತ್ತಿನಿಂದಲೇ ಲೆಕ್ಕ ಹಾಕಿದರೂ, ಉಳಿದ ಬದುಕಿನ ಕಾಲುಭಾಗ ರಸ್ತೆಯಲ್ಲಿ. ಇದರ ಮೇಲೆ ರಕ್ತ ಏರಿಸುವ ದಿನ, ಪರೀಕ್ಷೆಯ ದಿನ, ಜ್ವರ ಬಂದು ಓಡುವ ದಿನ. ಚಿಕಿತ್ಸೆ ನುಂಗುವ ಈ ಸಮಯಕ್ಕೆ ಕೆನಡಾ, ಅಮೆರಿಕದ ಮೂವರು ಸಂಶೋಧಕರು 2022ರಲ್ಲಿ ಒಂದು ಹೆಸರು ಕೊಟ್ಟರು: ಟೈಮ್ ಟಾಕ್ಸಿಸಿಟಿ. ಔಷಧಿಗೆ ಅಡ್ಡಪರಿಣಾಮ ಇದ್ದ ಹಾಗೆ ಚಿಕಿತ್ಸೆಯ ವೇಳಾಪಟ್ಟಿಗೂ ಇದೆ, ಅದನ್ನೂ ಅಳೆಯಿರಿ ಅನ್ನೋದು ಅವರ ವಾದ. ಅವರ ರೋಗಿಗಳು ಕಾರಿನಲ್ಲಿ ಬರುವವರು.

ಏಳನ್ನು ಐದು ಮಾಡಬಹುದೇ ಅಂತ ಯಾರೂ ಕೇಳಿಲ್ಲ ಅಂತಲ್ಲ. ಕೇಳಿದ್ದಾರೆ. ಎಎಂಎಲ್‌ಗೆ ಹತ್ತಿರದ ಇನ್ನೊಂದು ಕಾಯಿಲೆ ಎಂಡಿಎಸ್. ಅದರಲ್ಲಿ ಮಜ್ಜೆ ಸರಿಯಾಗಿ ರಕ್ತ ಮಾಡೋದಿಲ್ಲ. ಆ ರೋಗಿಗಳಲ್ಲಿ ಅಜಾಸಿಟಿಡಿನ್‌ನ ಮೂರು ಬೇರೆ ಬೇರೆ ವೇಳಾಪಟ್ಟಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಐದು ದಿನ ಕೊಟ್ಟು ಎರಡು ದಿನ ಬಿಟ್ಟು ಮತ್ತೆರಡು ದಿನ ಕೊಡೋದು, ಬರೀ ಐದು ದಿನ ಕೊಡೋದು, ಹೀಗೆ. ಆ ಅಧ್ಯಯನದ ಹಿಂದಿನ ಒಂದು ಕಾರಣ ಓದಿದಾಗ ನಗು ಬಂತು. ಅಲ್ಲಿನ ಕ್ಲಿನಿಕ್‌ಗಳಿಗೆ ಶನಿವಾರ, ಭಾನುವಾರ ರಜೆ. ಏಳು ದಿನ ಸತತ ಇಂಜೆಕ್ಷನ್ ಅವರಿಗೂ ಕಷ್ಟ. ಅಂದರೆ ಅಮೆರಿಕದ ಭಾನುವಾರಕ್ಕೊಂದು ಸಂಶೋಧನೆ ಸಿಕ್ಕಿದೆ. ಚನ್ನಪಟ್ಟಣದ ಬಸ್ಸಿಗೆ, ಕನಕಪುರದಿಂದ ಬನಶಂಕರಿಗೆ ನಿಂತುಕೊಂಡು ಬರುವ ಮುದುಕನಿಗೆ, ಮಾಗಡಿಯಿಂದ ಮೆಜೆಸ್ಟಿಕ್‌ಗೆ ಬಂದು ಅಲ್ಲಿಂದ ದಾರಿ ಕೇಳುವ ಅಜ್ಜಿಗೆ ಇನ್ನೂ ಸಿಕ್ಕಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತೆ: ಟ್ರಯಲ್‌ಗಳೊಳಗೆ ಇರುವ “ವಯಸ್ಸಾದವರು” ಯಾರು? 1999ರಲ್ಲಿ ಅಮೆರಿಕದ 16 ಸಾವಿರಕ್ಕೂ ಹೆಚ್ಚು ಟ್ರಯಲ್ ರೋಗಿಗಳ ಲೆಕ್ಕ ತೆಗೆದಾಗ ಅವರಲ್ಲಿ 65 ದಾಟಿದವರು ಶೇ. 25 ಮಾತ್ರ ಇದ್ದರು. ಅದೇ ಕಾಯಿಲೆಗಳ ಒಟ್ಟು ರೋಗಿಗಳಲ್ಲಿ ಆ ವಯಸ್ಸಿನವರು ಶೇ. 63. ವಯಸ್ಸಾದವರನ್ನು ಸೇರಿಸಿಕೊಳ್ಳಿ ಅಂತ ಅಮೆರಿಕದ ಎಫ್‌ಡಿಎ ಕಂಪನಿಗಳಿಗೆ ಅಂತಿಮ ಮಾರ್ಗಸೂಚಿ ಕೊಟ್ಟದ್ದು 2022ರಲ್ಲಿ. ನಮ್ಮಲ್ಲಿ ವಯಸ್ಸನ್ನು ಗೊತ್ತುಮಾಡೋದೇ ತಾಪತ್ರಯ. ವಿಯಾಲೆ-ಎ ಸೇರಲು 75 ಆಗಿರಬೇಕಿತ್ತು, ಇಲ್ಲವೇ ಜೋರು ಕಿಮೋ ತಡೆಯದಂಥ ಬೇರೆ ಕಾಯಿಲೆ ಇರಬೇಕಿತ್ತು. ದೊಡ್ಡವ್ವನ ಆಧಾರ್ ಪ್ರಕಾರ ಅವಳು ಹುಟ್ಟಿದ್ದು ಜನವರಿ 1. ನಿಮ್ಮ ಅಜ್ಜಿಯ ಕಾರ್ಡೂ ತೆಗೆದು ನೋಡಿ, ಅರ್ಧ ಊರು ಜನವರಿ 1ಕ್ಕೇ ಹುಟ್ಟಿರುತ್ತೆ.

ವಯಸ್ಸಿನ ಅಂಕಿ ಒಂದನ್ನೇ ನಂಬಬೇಡಿ, ಮನುಷ್ಯ ಎಷ್ಟು ಗಟ್ಟಿ ಇದ್ದಾನೆ ನೋಡಿ ಅಂತ ವಿಜ್ಞಾನವೂ ಈಗ ಹೇಳುತ್ತೆ. ಮೈಲೋಮಾಕ್ಕೆ ಇಂಥದ್ದೊಂದು ಅಳತೆಗೋಲು 2015ರಲ್ಲಿ ಬಂತು. 869 ರೋಗಿಗಳ ಮಾಹಿತಿಯಿಂದ ಮಾಡಿದ್ದು. ವಯಸ್ಸು, ಬೇರೆ ಕಾಯಿಲೆಗಳು, ದಿನನಿತ್ಯದ ಕೆಲಸ ಮಾಡುವ ಶಕ್ತಿ ಇವಕ್ಕೆ ಅಂಕ ಕೊಟ್ಟು ರೋಗಿಯನ್ನು ಗಟ್ಟಿ, ನಡುವಿನವರು, ದುರ್ಬಲ ಅಂತ ಮೂರು ಗುಂಪು ಮಾಡುತ್ತೆ. ಗಟ್ಟಿ ಇರುವವರಲ್ಲಿ ಮೂರು ವರ್ಷ ಬದುಕಿದವರು ಶೇ. 84, ದುರ್ಬಲರಲ್ಲಿ ಶೇ. 57. ಉಪಯುಕ್ತ ಅಳತೆ, ತಕರಾರಿಲ್ಲ. ಆದರೆ ಆ ಪ್ರಶ್ನೆಗಳನ್ನು ಒಮ್ಮೆ ಓದಿ. ಫೋನ್ ಬಳಸುತ್ತೀರಾ? ಒಬ್ಬರೇ ಅಂಗಡಿಗೆ ಹೋಗಿ ಸಾಮಾನು ತರುತ್ತೀರಾ? ಒಬ್ಬರೇ ಪ್ರಯಾಣ ಮಾಡುತ್ತೀರಾ? ಹಣಕಾಸು ನೋಡಿಕೊಳ್ಳುತ್ತೀರಾ? ದೊಡ್ಡವ್ವ ಈ ನಾಲ್ಕೂ ಮಾಡಲ್ಲ. ಮೂವತ್ತರ ವಯಸ್ಸಿನಲ್ಲೂ ಮಾಡುತ್ತಿರಲಿಲ್ಲ, ಮಾಡೋಕೆ ಬಿಡುತ್ತಿರಲಿಲ್ಲ. ಎಂಟು ಪ್ರಶ್ನೆಗಳಲ್ಲಿ ನಾಲ್ಕು ಅಲ್ಲೇ ಹೋದವು, ಆ ವಿಭಾಗದಲ್ಲಿ ಅವಳು ಫೇಲು. ಕಾಯಿಲೆ ಬೀಳುವ ತಿಂಗಳ ಹಿಂದಿನವರೆಗೂ ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಬಂದವಳು ಕಾಗದದ ಮೇಲೆ ಅರ್ಧ ದುರ್ಬಲೆ. ನಮ್ಮ ಹೆಂಗಸರಿಗೆ ಮನೆ, ಸಮಾಜ ಏನೇನು ಬಿಡಲಿಲ್ಲವೋ ಅದನ್ನು ಈ ಫಾರಂ ಅವರ ದೇಹದ ಖಾತೆಗೆ ಬರೆದುಕೊಳ್ಳುತ್ತೆ.

ಇದು ಬರೀ ಫಾರಂ ತಮಾಷೆಯಲ್ಲ. ವಯಸ್ಸಾದ ರೋಗಿಯನ್ನು ಕೂತು ಸರಿಯಾಗಿ ವಿಚಾರಿಸಿದರೆ ಫಲ ಇದೆ ಅಂತ ಗೊತ್ತಾಗಿದೆ. 2021ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಮೆರಿಕದ ಒಂದು ಟ್ರಯಲ್‌ನಲ್ಲಿ 70 ದಾಟಿದ 718 ರೋಗಿಗಳಿದ್ದರು. ಗಡ್ಡೆಯ ಕ್ಯಾನ್ಸರ್ ಇದ್ದವರು, ಲಿಂಫೋಮಾ ಇದ್ದವರು. ಅರ್ಧದಷ್ಟು ಜನರ ಡಾಕ್ಟರುಗಳಿಗೆ ರೋಗಿಯ ನಡಿಗೆ, ನೆನಪು, ಊಟ, ಮನೆಯ ಆಸರೆ ಇವುಗಳ ವರದಿ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ, ಅಷ್ಟೇ. ತೀವ್ರ ಅಡ್ಡಪರಿಣಾಮ ಶೇ. 71ರಿಂದ ಶೇ. 51ಕ್ಕೆ ಇಳಿಯಿತು. ಹೊಸ ಔಷಧಿಯಿಲ್ಲದೆ, ಕೇಳಿ ತಿಳಿದುಕೊಂಡದ್ದರಿಂದ. ಹಾಗಿದ್ದಾಗ ನಮ್ಮೂರಿನವರಿಗೆ ಕೇಳಬೇಕಾದ ಪ್ರಶ್ನೆಗಳು ಬೇರೆ ಅಲ್ವಾ? ಕೊಡ ನೀರು ಎತ್ತುತ್ತೀರಾ, ಹೊಲಕ್ಕೆ ನಡೆಯುತ್ತೀರಾ, ರಾತ್ರಿ ಜ್ವರ ಬಂದರೆ ಮನೆಯಲ್ಲಿ ಗಾಡಿ ಓಡಿಸೋರು ಯಾರಿದ್ದಾರೆ?

ಈಗ ದುಡ್ಡಿನ ವಿಷಯ. ಅಜಾಸಿಟಿಡಿನ್ ಈಗ ಜೆನೆರಿಕ್. ಮೈಲೋಮಾಕ್ಕೆ ಕೊಡುವ ಲೆನಾಲಿಡೊಮೈಡ್ ಕೂಡ ಹಾಗೇ, ಭಾರತದ ಕಂಪನಿಗಳು ಅಮೆರಿಕಕ್ಕೇ ಮಾರುತ್ತಿವೆ. ಇದರ ಹಿಂದೆ ನಮ್ಮ ಪೇಟೆಂಟ್ ಕಾನೂನಿನ ಹೋರಾಟ ಇದೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್‌ನ ರಕ್ತ ಕ್ಯಾನ್ಸರ್ ಮಾತ್ರೆ ಗ್ಲಿವೆಕ್‌ಗೆ ಪೇಟೆಂಟ್ ನಿರಾಕರಿಸಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಆದರೆ ಅಗ್ಗದ ಔಷಧಿ ಬೇರೆ, ಅದನ್ನು ಎಷ್ಟು ಕಡಿಮೆ ಕೊಟ್ಟರೆ ಸಾಕು ಅನ್ನುವ ಜ್ಞಾನ ಬೇರೆ. ಎರಡನೆಯದನ್ನು ಕಂಪನಿ ಯಾಕೆ ಹುಡುಕುತ್ತೆ? ತನ್ನ ಮಾತ್ರೆ ಕಾಲುಭಾಗ ಸಾಕು ಅಂತ ಸಾಬೀತು ಮಾಡೋಕೆ ಯಾವ ಕಂಪನಿಯೂ ಕೋಟಿ ಸುರಿಯಲ್ಲ.

ಕಾಲುಭಾಗ ಅನ್ನೋದು ಬಾಯಿಮಾತಿಗೆ ಹೇಳಿದ್ದಲ್ಲ. ವೆನೆಟೋಕ್ಲಾಕ್ಸ್‌ನ ಮಾಮೂಲಿ ಡೋಸ್ ದಿನಕ್ಕೆ 400 ಮಿಲಿಗ್ರಾಂ. ಪೋಸಕೊನಜೋಲ್ ಅನ್ನೋ ಫಂಗಸ್ ಔಷಧಿ ಲಿವರ್‌ನಲ್ಲಿ ವೆನೆಟೋಕ್ಲಾಕ್ಸ್ ಕರಗೋದನ್ನು ತಡೆಯುತ್ತೆ. ಹಾಗಾಗಿ ಎರಡನ್ನೂ ಒಟ್ಟಿಗೆ ಕೊಡುವಾಗ ಡೋಸ್ 70 ಮಿಲಿಗ್ರಾಂಗೆ ಇಳಿಸಬೇಕು ಅಂತ ಅಮೆರಿಕದ ಲೇಬಲ್ಲೇ ಹೇಳುತ್ತೆ. ಅಲ್ಲಿ ಅದು ಎಚ್ಚರಿಕೆಯ ಸಾಲು. ಇಲ್ಲಿ ಅದು ಮನೆ ಅಡವಿಡೋದನ್ನು ತಪ್ಪಿಸಬಲ್ಲ ಸಾಲು. ಭಾರತದ ರಕ್ತರೋಗ ತಜ್ಞರು ಈ ಜೋಡಿಯನ್ನು ಬಳಸುತ್ತಲೂ ಇದ್ದಾರೆ. (ಇದನ್ನು ಓದಿ ಯಾರೂ ಮನೆಯಲ್ಲಿ ಮಾತ್ರೆ ಮುರಿಯಬೇಡಿ, ದಯವಿಟ್ಟು. ರಕ್ತದಲ್ಲಿ ಔಷಧಿ ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ.)

ಕಡಿಮೆ ಕೊಟ್ಟು ಗೆಲ್ಲುವ ಟ್ರಯಲ್ ನಮ್ಮ ದೇಶದಲ್ಲೇ ಆಗಿದೆ. ಮುಂಬೈನ ಟಾಟಾ ಮೆಮೋರಿಯಲ್‌ನವರು ತಲೆ-ಕುತ್ತಿಗೆ ಕ್ಯಾನ್ಸರ್‌ನ 151 ರೋಗಿಗಳಲ್ಲಿ ನಿವೊಲುಮ್ಯಾಬ್ ಔಷಧಿಯನ್ನು ಮಾಮೂಲಿ ಡೋಸ್‌ನ ಹತ್ತನೇ ಒಂದಕ್ಕಿಂತಲೂ ಕಡಿಮೆ ಕೊಟ್ಟು ನೋಡಿದರು. ಅದಿಲ್ಲದೆ ಬರೀ ಕಡಿಮೆ ಖರ್ಚಿನ ಮಾತ್ರೆ ತಗೊಂಡವರಲ್ಲಿ ಒಂದು ವರ್ಷ ಬದುಕಿದವರು ಶೇ. 16, ಅದು ಸೇರಿದಾಗ ಶೇ. 43. ರಕ್ತ ಕ್ಯಾನ್ಸರ್‌ನಲ್ಲೂ ಇಂಥ ದಾರಿ ಇದೆ. ಫ್ರಾನ್ಸ್, ಬೆಲ್ಜಿಯಂನ ಸಂಶೋಧಕರು 80 ದಾಟಿದ ಲಿಂಫೋಮಾ ರೋಗಿಗಳಿಗೆ ಕಿಮೋ ಡೋಸನ್ನು ಇಳಿಸಿ ಕೊಟ್ಟು, ಎರಡು ವರ್ಷದ ನಂತರ ಶೇ. 59ರಷ್ಟು ಜನ ಬದುಕಿದ್ದಾರೆ ಅಂತ 2011ರಲ್ಲಿ ತೋರಿಸಿದರು. ಇವತ್ತು ಜಗತ್ತಿನ ಹಲವು ಕಡೆ ಆ ವಯಸ್ಸಿನವರಿಗೆ ಅದೇ “ಮಿನಿ” ಕಿಮೋ.

ನಮ್ಮ ಕಾನೂನು ಅಡ್ಡ ಇದೆಯಾ ಅಂದ್ರೆ, ಇಲ್ಲ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ 28ನೇ ನಿಯಮ ನೋಡಿ. ಈಗಾಗಲೇ ಅನುಮತಿ ಸಿಕ್ಕಿರುವ ಔಷಧಿಯನ್ನು ಬರೀ ಶೈಕ್ಷಣಿಕ ಸಂಶೋಧನೆಗಾಗಿ ಹೊಸ ಡೋಸ್‌ನಲ್ಲಿ ಪರೀಕ್ಷಿಸಲು ಕೇಂದ್ರದ ಅನುಮತಿ ಬೇಕಿಲ್ಲ, ಸಂಸ್ಥೆಯ ನೈತಿಕ ಸಮಿತಿ ಒಪ್ಪಿದರೆ ಸಾಕು. ಬಾಗಿಲು ತೆಗೆದೇ ಇದೆ.

ಟ್ರಯಲ್ ಅಂದ ತಕ್ಷಣ ನಮ್ಮ ಗೆಳೆಯರ ಬಳಗದಲ್ಲಿ “ಬಡವರನ್ನ ಗಿನಿಪಿಗ್ ಮಾಡ್ತಾರೆ” ಅನ್ನೋ ಮಾತು ಬರುತ್ತೆ. ಆ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. 2009-10ರಲ್ಲಿ ಖಮ್ಮಂನ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದಾಗ ಒಪ್ಪಿಗೆ ಪತ್ರಕ್ಕೆ ಎಷ್ಟೋ ಕಡೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು. ಆ ಗಲಾಟೆಗಳ, ಸುಪ್ರೀಂ ಕೋರ್ಟಿನ ಕೇಸುಗಳ ನಂತರವೇ ನಿಯಮ ಬಿಗಿಯಾದದ್ದು. ಓದು ಬರದವರ ಹೆಬ್ಬೆಟ್ಟಿಗೆ ನಿಷ್ಪಕ್ಷಪಾತ ಸಾಕ್ಷಿ ಇರಬೇಕು, ಟ್ರಯಲ್‌ನಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಇವು ಕಾಗದದಲ್ಲೇ ಉಳಿಯದಂತೆ ಕಾಯಬೇಕಾದವರು ನಾವೇ. ಆದರೆ ಟ್ರಯಲ್ಲೇ ಬೇಡ ಅನ್ನೋದರಿಂದ ಬಡವರ ರಕ್ಷಣೆ ಆಗುತ್ತೆ ಅಂತ ನನಗೆ ಈಗ ಅನ್ನಿಸಲ್ಲ. ಪರೀಕ್ಷೆಯೇ ಆಗದ ಡೋಸನ್ನು ನನ್ನ ದೊಡ್ಡವ್ವ ಈಗಲೂ ತಗೋತಿದ್ದಾಳೆ. ಯಾಕಂದ್ರೆ ಏಳು ದಿನದಲ್ಲಿ ಆರೇ ದಿನ ಹೋಗೋಕಾದ ಸುತ್ತು ಅವಳದ್ದೊಂದು ಇದೆ. ಅದೂ ಒಂದು ಪ್ರಯೋಗವೇ, ಬರೆದಿಟ್ಟುಕೊಳ್ಳೋರು ಮಾತ್ರ ಯಾರೂ ಇಲ್ಲ.

ಈಗ ನಮ್ಮ ಜಿಲ್ಲೆಯ ರಾಜಕೀಯಕ್ಕೆ ಬರೋಣ. ಕನಕಪುರಕ್ಕೆ ಅಂದುಕೊಂಡಿದ್ದ ಮೆಡಿಕಲ್ ಕಾಲೇಜು 2019ರಲ್ಲಿ ಯಡಿಯೂರಪ್ಪ ಸರ್ಕಾರದಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಯಿತು, ಡಿ.ಕೆ. ಶಿವಕುಮಾರ್ ಸಿಡಿದೆದ್ದರು. 2023ರಲ್ಲಿ ರಾಮನಗರದ ಕಾಲೇಜು ಕನಕಪುರಕ್ಕೆ ಹೋಗುತ್ತೆ ಅಂತಾದಾಗ ರಾಮನಗರ ಬಂದ್ ಆಯಿತು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಅರ್ಚಕರಹಳ್ಳಿಗೆ ಬರೋ ಕಥೆಯಂತೂ ನಾನು ಕಾಲೇಜಿನಲ್ಲಿದ್ದಾಗಿಂದ ಕೇಳುತ್ತಿದ್ದೇನೆ. 2025ರ ಮೇ ತಿಂಗಳಲ್ಲಿ ಸಂಪುಟ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಅಂತ ಮಾಡಿತು, ಅದಕ್ಕೂ ಗದ್ದಲ. ಇಷ್ಟು ವರ್ಷದ ಜಗಳದಲ್ಲಿ ಕಟ್ಟಡ ಎಲ್ಲಿ, ಕ್ರೆಡಿಟ್ ಯಾರಿಗೆ ಅನ್ನೋದು ಬಿಟ್ಟು, ಆ ಕಾಲೇಜಿನೊಳಗೆ ಯಾರ ಕಾಯಿಲೆಯ ಬಗ್ಗೆ ಸಂಶೋಧನೆ ಆಗುತ್ತೆ ಅಂತ ಒಬ್ಬ ನಾಯಕನೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಲೆಕ್ಕವೂ ಇಲ್ಲ ನಮಗೆ. ಕಿದ್ವಾಯಿ ಸಂಸ್ಥೆ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ, ದೇಶದ ಅತ್ಯಂತ ಹಳೆಯವುಗಳಲ್ಲೊಂದು. ಅದು ಬೆಂಗಳೂರು ನಗರ ಪ್ರದೇಶದ ಲೆಕ್ಕ. 2011ರ ಜನಗಣತಿಯ ಪ್ರಕಾರ 10.8 ಲಕ್ಷ ಜನ ಇದ್ದ ನಮ್ಮ ಜಿಲ್ಲೆ ಅದರಾಚೆ. ಜಿಲ್ಲೆಯ ಹೆಸರಲ್ಲಿ ಬೆಂಗಳೂರು ಬಂತು, ಲೆಕ್ಕದ ಪುಸ್ತಕದಲ್ಲಿ ಬರಲಿಲ್ಲ.

ಒಂದು ಅವಕಾಶ ಮಾತ್ರ ಕಣ್ಣ ಮುಂದಿದೆ. 2025ರಲ್ಲಿ ರಾಜ್ಯ ಸರ್ಕಾರ 16 ಕಡೆ ಡೇ ಕೇರ್ ಕಿಮೋಥೆರಪಿ ಕೇಂದ್ರಗಳನ್ನು ಶುರು ಮಾಡಿತು. ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಇಂಥ ಕೇಂದ್ರ ಮಾಡುತ್ತೇವೆ ಅಂತ ಕೇಂದ್ರದ 2025ರ ಬಜೆಟ್ ಹೇಳಿತು. ಅಜಾಸಿಟಿಡಿನ್‌ನ ಸಮಸ್ಯೆ ನನ್ನಂಥ ಇಂಜಿನಿಯರಿಗೆ ಅರ್ಥವಾಗುವಂಥದ್ದು. ಚರ್ಮದಡಿ ಕೊಡುವ ಇಂಜೆಕ್ಷನ್ ಅದು. ಪುಡಿ ಕಲಸಿದ ಮೇಲೆ ಹೊರಗಿಟ್ಟರೆ ಒಂದು ಗಂಟೆಯೊಳಗೆ ಕೊಡಬೇಕು, ಫ್ರಿಜ್ಜಿನಲ್ಲಾದರೆ ಎಂಟು ಗಂಟೆ. ಅಂದರೆ ಬೇಕಿರೋದು ಒಂದು ಸುರಕ್ಷಿತ ಕ್ಯಾಬಿನೆಟ್, ತರಬೇತಿ ಆದ ನರ್ಸು, ಫ್ರಿಜ್ಜು, ಬೆಂಗಳೂರಿನ ತಜ್ಞರ ಜೊತೆ ಫೋನ್ ಸಂಪರ್ಕ. ಬೆಂಗಳೂರಿನಲ್ಲಿ ಕಲಸಿ ಐಸ್ ಪೆಟ್ಟಿಗೆಯಲ್ಲಿ ಕಳಿಸಿದರೂ ಎಂಟು ಗಂಟೆಯಲ್ಲಿ ಮಾಗಡಿಗೆ ಆರಾಮಾಗಿ ಹೋಗಿಬರಬಹುದು. ಕಷ್ಟದ ಭಾಗ ಇಂಜೆಕ್ಷನ್ ಅಲ್ಲ, ಆಮೇಲಿನ ಜ್ವರ. ಬಿಳಿ ರಕ್ತಕಣ ಕುಸಿದಾಗ ರಾತ್ರಿ ಹತ್ತಕ್ಕೆ ಜ್ವರ ಬಂದರೆ ತಡಮಾಡದೆ ಆಂಟಿಬಯಾಟಿಕ್ ಹೋಗಬೇಕು. ಕನಕಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಆಗುತ್ತಾ? ಆಗದಿದ್ದರೆ ಹತ್ತಿರದ ಚಿಕಿತ್ಸೆ ದೂರದ್ದಕ್ಕಿಂತ ಅಪಾಯ. ಅದಕ್ಕೇ ಇದನ್ನು ಬರೀ ಯೋಜನೆ ಮಾಡಿ ರಿಬ್ಬನ್ ಕತ್ತರಿಸಬಾರದು, ಟ್ರಯಲ್ ಆಗಿ ಮಾಡಬೇಕು. ಒಂದು ಗುಂಪಿಗೆ ಜಿಲ್ಲಾಸ್ಪತ್ರೆಯಲ್ಲಿ, ಇನ್ನೊಂದಕ್ಕೆ ಬೆಂಗಳೂರಿನಲ್ಲಿ. ಐದು ದಿನ, ಏಳು ದಿನ. ಪೂರ್ತಿ ಡೋಸ್, ಪೋಸಕೊನಜೋಲ್ ಜೊತೆ ಇಳಿಸಿದ ಡೋಸ್. ಅಳೆಯಬೇಕಾದ್ದು ಎಷ್ಟು ತಿಂಗಳು ಬದುಕಿದರು ಅನ್ನೋದರ ಜೊತೆಗೆ ಎಷ್ಟು ದಿನ ಮನೆಯಲ್ಲಿ ಕಳೆದರು, ಮನೆಯವರ ಎಷ್ಟು ಕೂಲಿ ಹೋಯಿತು ಅನ್ನೋದನ್ನ.

ಆ ಕೂಲಿಯ ಲೆಕ್ಕ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಐದು ಲಕ್ಷದಲ್ಲಿ ಇಲ್ಲ. ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ಶಕ್ತಿ ಯೋಜನೆಯಿಂದ ದೊಡ್ಡವ್ವನಿಗೆ ಬಸ್ಸು ಫ್ರೀ, ಅದು ದೊಡ್ಡ ಉಪಕಾರವೇ. ಜೊತೆಗೆ ಹೋಗೋದು ಯಾರು ಅನ್ನುವಾಗ ಅಣ್ಣ ಹೋದರೆ ಟಿಕೆಟ್ಟು, ಅತ್ತಿಗೆ ಹೋದರೆ ಫ್ರೀ. ಹಾಗಾಗಿ ಅತ್ತಿಗೆಯೇ ಹೋಗತೊಡಗಿದರು. ಹುಳದ ಮನೆಯ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದ್ದವರೂ ಅವರೇ. ಎರಡನೇ ಸುತ್ತಿನ ಹೊತ್ತಿಗೆ ಒಂದು ಬೆಳೆ ಪೂರ್ತಿ ಬಿಟ್ಟರು, ಮೊಟ್ಟೆ ತರಲೇ ಇಲ್ಲ. ವಿಯಾಲೆ-ಎ ಪ್ರಬಂಧದ ಯಾವ ಕೋಷ್ಟಕದಲ್ಲೂ ಇದಕ್ಕೊಂದು ಕಾಲಂ ಇಲ್ಲ.

ಮೂರು ಸುತ್ತು ಮುಗಿದಿವೆ. ಪ್ಲೇಟ್‌ಲೆಟ್ ಏರಿದೆ, ದೊಡ್ಡವ್ವ ಜಗಲಿ ಮೇಲೆ ಕೂತು ಸೊಪ್ಪಿನ ಕಡ್ಡಿ ಬಿಡಿಸುವಷ್ಟಾಗಿದ್ದಾಳೆ. ಡಾಕ್ಟರು ಕೇಳಿದಾಗ “ಚೆಂದಾಗಿವ್ನಿ ಕಣಪ್ಪ” ಅಂದಳು, ಬಸ್ಸಿನ ಮಾತು ಎತ್ತಲಿಲ್ಲ. ನಾಲ್ಕನೇ ಸುತ್ತು ಬರುವ ಸೋಮವಾರ ಶುರು. ಮೊದಲ ಎರಡು ದಿನ ನನ್ನ ಪಾಳಿ, ಆಮೇಲೆ ಅತ್ತಿಗೆ, ಶನಿವಾರ ಅಣ್ಣ. ಭಾನುವಾರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.